ಹೆಸರಿಲ್ಲದ ಮೂರು ಹಾಳೆ

“ನಮ್ಮನೇಲಿ ಮೆಟ್ಟಿಲೇ ಇಲ್ವಲ್ಲ ಮೇಡಂ.”

ಇಸ್ತ್ರಿಯವಳು ಅಷ್ಟು ಹೇಳಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು, ಬೇಕಾದರೆ ನೀವೇ ಹುಡುಕಿಕೊಳ್ಳಿ ಎನ್ನುವ ಹಾಗೆ.

ದೊಡ್ಡ ವಕೀಲೆ ಹುಡುಕಿದಳು. ಹುಡುಕಲು ಅಲ್ಲಿ ಇದ್ದದ್ದಾದರೂ ಏನು? ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನ ಬೆನ್ನಿಗೆ ಮರಿಯ ಹಾಗೆ ಅಂಟಿಕೊಂಡ ಒಂದೇ ಒಂದು ಕೋಣೆ. ನೆಲ ರಸ್ತೆಗೆ ಸಮ. ಮೇಲೆ ತಗಡು, ತಗಡಿನ ಮೇಲೆ ಆಕಾಶ. ಮಹಡಿ ಎಂಬುದು ಈ ಮನೆಯ ಕನಸಿನಲ್ಲೂ ಬಂದಿರಲಾರದು.

ಅವಳ ಕೈಯಲ್ಲಿದ್ದ ಮನೆಭೇಟಿ ವರದಿಯ ಎರಡನೇ ಹಾಳೆ ಮಾತ್ರ ಬಲು ಗಂಭೀರವಾಗಿ ಹೇಳುತ್ತಿತ್ತು: ‘ಮನೆಯು ಎರಡನೇ ಮಹಡಿಯಲ್ಲಿದ್ದು, ಮೆಟ್ಟಿಲುಗಳಿಗೆ ಕಂಬಿ ಇರುವುದಿಲ್ಲ. ಮಗು ಮಲಗುವ ಕೋಣೆಗೆ ಹೊರಗಿನಿಂದ ಚಿಲಕ ಇರುತ್ತದೆ. ಮಗುವನ್ನು ಈ ಮನೆಗೆ ಹಿಂದಿರುಗಿಸುವುದು ಅಪಾಯಕರ.’

“ಚಿಲಕ ಎಲ್ಲಿದೆ?” ಎಂದು ಕೇಳಿದಳು.

“ಬೀದಿ ಬಾಗಿಲಿಗೆ ಒಂದಿದೆ. ಅದೂ ಸರಿಯಾಗಿ ಬೀಳಲ್ಲ.”

“ಮಗು ಮಲಗ್ತಿದ್ದ ಕೋಣೆ?”

“ಇದೇ. ನಾನು ಮಲಗೋದೂ ಇಲ್ಲೇ, ಅಡುಗೆ ಮಾಡೋದೂ ಇಲ್ಲೇ, ಅಳೋದೂ ಇಲ್ಲೇ.”

ಮೂಲೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ ಗೊರಕೆ ವಕೀಲರು ಕೆಮ್ಮಿದರು. ಅವರು ಇಸ್ತ್ರಿಯವಳ ಪರ. ಎದುರು ಪಕ್ಷದವಳನ್ನು ಅವಳ ವಕೀಲರಿಲ್ಲದೆ ಮಾತಾಡಿಸುವ ಹಾಗಿಲ್ಲವಾದ್ದರಿಂದ, ಕಪ್ಪು ಕೋಟು ಮಡಿಲಲ್ಲಿ ಮಡಚಿಟ್ಟುಕೊಂಡು ಸಾಕ್ಷಿಗೊಂಬೆಯ ಹಾಗೆ ಕೂತಿದ್ದರು. ಕೋರ್ಟಿನಲ್ಲಿ ಯಾರದೇ ವಾದ ಶುರುವಾದರೂ ಅವರ ಕಣ್ಣು ಮುಚ್ಚುತ್ತಿತ್ತು. ಹೆಸರು ಹಾಗೆ ಬಿದ್ದದ್ದು.

“ಕೇಳಿ ತಾಯಿ, ಏನು ಬೇಕೋ ಕೇಳಿ,” ಎಂದರು. “ಇವತ್ತು ಎಚ್ಚರವಾಗೇ ಇದೀನಿ. ಈ ಮೆಟ್ಟಿಲಿನ ವಿಷಯ ನಿನ್ನೆ ಇವಳಿಗೆ ಓದಿ ಹೇಳಿದಾಗಿಂದ ನಿದ್ದೆ ಬಂದಿಲ್ಲ. ಅದಕ್ಕೇ ನಿಮಗೆ ಫೋನ್ ಮಾಡಿದ್ದು.”

ಮಕ್ಕಳ ಇಲಾಖೆಯ ಕಾನೂನು ವಿಭಾಗದಲ್ಲಿ ಹನ್ನೊಂದು ಮಂದಿ ವಕೀಲರ ಮೇಲಿನವಳು ದೊಡ್ಡ ವಕೀಲೆ. ಯಾವ ಮಗು ಹೆತ್ತವರ ಹತ್ತಿರ ಉಳಿಯಬೇಕು, ಯಾವುದು ಸಾಕುಮನೆಗೆ ಹೋಗಬೇಕು ಎಂದು ಕೋರ್ಟನ್ನು ಕೇಳುವ ಒಂದೊಂದು ಅರ್ಜಿಯೂ ಅವಳ ಮೇಜು ದಾಟಿಯೇ ಹೋಗಬೇಕು. ಇಸ್ತ್ರಿಯವಳ ಮಗಳದೂ ದಾಟಿತ್ತು. ನಾಳೆ ಬೆಳಿಗ್ಗೆ ಹತ್ತೂವರೆಗೆ ಆದೇಶ. ಆಮೇಲೆ ಐದು ವರ್ಷದ ಆ ಹುಡುಗಿಗೆ ಇವಳು ತಾಯಿಯಲ್ಲ. ಬೇರೆ ಮನೆ, ಬೇರೆ ಅಪ್ಪ ಅಮ್ಮ ಆಗಲೇ ತಯಾರಾಗಿ ಕೂತಿದ್ದರು.

ಗೋಡೆಗೆ ಹೊಡೆದ ಹಲಗೆಯ ಮೇಲೆ ಪುಟ್ಟ ಪುಟ್ಟ ಲಂಗ, ಅಂಗಿಗಳ ಅಟ್ಟಿ. ಅಂಚಿಗೆ ಅಂಚು ಕೂಡಿಸಿ, ಚಾಕುವಿನ ಬಾಯಂಥ ಮಡಿಕೆ ಹಾಕಿ ಇಸ್ತ್ರಿ ಮಾಡಿ ಇಟ್ಟದ್ದು.

“ಇವು ಈಗ ಅವಳಿಗೆ ಚಿಕ್ಕದಾಗಿರುತ್ತೆ,” ಎಂದಳು ದೊಡ್ಡ ವಕೀಲೆ. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

“ಗೊತ್ತು. ಹನ್ನೊಂದು ತಿಂಗಳಾಯ್ತಲ್ಲ. ಆದ್ರೂ ವಾರಕ್ಕೊಂದು ಸಲ ಇಸ್ತ್ರಿ ಹಾಕ್ತೀನಿ. ಹಾಕ್ಕೊಳೋರಿಲ್ಲ ಅಂತ ಮುದುರಿ ಇಡೋಕಾಗುತ್ತಾ?”

ಇಸ್ತ್ರಿಪೆಟ್ಟಿಗೆ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿತ್ತು, ದೊಡ್ಡವರ ಕೈಗೂ ಸುಲಭಕ್ಕೆ ಸಿಗದಷ್ಟು ಎತ್ತರದಲ್ಲಿ. ಮಗಳು ಅದನ್ನು ಮುಟ್ಟಿ ಮಣಿಕಟ್ಟು ಸುಟ್ಟುಕೊಂಡದ್ದರಿಂದಲೇ ಇದೆಲ್ಲ ಶುರುವಾದದ್ದು.

“ನಾನೇ ಎತ್ಕೊಂಡು ಆಸ್ಪತ್ರೆಗೆ ಓಡಿದೆ. ಆಸ್ಪತ್ರೆಯೋರು ನಿಮಗೆ ಫೋನ್ ಮಾಡಿದ್ರು,” ಎಂದಳು ಇಸ್ತ್ರಿಯವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ಶಕ್ತಿ ಬೇಕು. “ಮನೇಲೇ ಒಂಚೂರು ಎಣ್ಣೆ ಹಚ್ಚಿ ಸುಮ್ಮನೆ ಮಲಗಿಸಿದ್ರೆ ಇವತ್ತು ಇಲ್ಲೇ ಇರ್ತಿದ್ಲು. ಓಡಿದ್ದೇ ತಪ್ಪಾಯ್ತು.”

“ಮನೆ ನೋಡೋಕೆ ಇಲಾಖೆಯಿಂದ ಯಾರೂ ಬರಲಿಲ್ವಾ?”

“ಬಂದಿದ್ರಲ್ಲ, ಸ್ಕೂಟರಮ್ಮ. ನಮ್ಮ ವಕೀಲರು ಕೂತಿರೋ ಜಾಗದಲ್ಲೇ ಕೂತಿದ್ರು. ಒಲೆ ನೋಡಿದ್ರು. ಇಸ್ತ್ರಿಪೆಟ್ಟಿಗೆ ಎಲ್ಲಿಡ್ತೀಯ ಅಂತ ಕೇಳಿ ಸ್ಟೂಲ್ ಹಾಕಿಸ್ಕೊಂಡು ಹತ್ತಿ ನೋಡಿದ್ರು. ಹೋಗುವಾಗ, ಭಯ ಪಡಬೇಡಮ್ಮ ಅಂದ್ರು.” ಅವಳು ಒಂದು ಪುಟ್ಟ ಲಂಗದ ಅಂಚು ಸರಿಮಾಡಿದಳು. “ನಾನು ಪೆದ್ದಿ. ಭಯ ಪಡಲಿಲ್ಲ.”

*

ಕಚೇರಿಗೆ ಬಂದವಳೇ ದೊಡ್ಡ ವಕೀಲೆ ಆ ವರದಿಯ ದಾರ ಬಿಚ್ಚಿದಳು.

ನಾಲ್ಕು ಹಾಳೆ. ಮೊದಲ ಹಾಳೆಯಲ್ಲಿ ಮಗುವಿನ ಹೆಸರು, ವಿಳಾಸ, ಕೇಸಿನ ನಂಬರು. ಉಳಿದ ಮೂರರಲ್ಲಿ ಯಾರ ಹೆಸರೂ ಇಲ್ಲ. ಬರೀ ‘ಮಗು’, ಬರೀ ‘ಪೋಷಕರು’. ಕೊನೆಯಲ್ಲಿ ಮನೆಗೆ ಹೋಗಿ ಬಂದವರ ಸಹಿ.

ಈ ಪದ್ಧತಿ ಯಾರು ತಂದದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ತಂದವಳು ಅವಳೇ. ಮೂರು ವರ್ಷದ ಕೆಳಗೆ ಯಾವುದೋ ವರದಿಯ ಒಂದು ಹಾಳೆ ಹೊರಗೆ ಹೋಗಿ, ಒಂದು ಹೆಣ್ಣುಮಗುವಿನ ಹೆಸರು ಪೇಪರಿನಲ್ಲಿ ಬಂದು, ಶಾಲೆಯ ಮಕ್ಕಳೆಲ್ಲ ಅದನ್ನು ಹಂಗಿಸಿದ್ದರು. ಅಂದಿನಿಂದ ಅವಳ ಕಟ್ಟಪ್ಪಣೆ: ಹೆಸರು ಮೊದಲ ಹಾಳೆಗೆ ಮಾತ್ರ. ಒಳ್ಳೆಯ ಕೆಲಸ ಎಂದು ಇಲಾಖೆ ಅವಳಿಗೊಂದು ಪ್ರಶಸ್ತಿಪತ್ರ ಕೊಟ್ಟಿತ್ತು. ಗಾಜು ಹಾಕಿಸಿ ಗೋಡೆಗೆ ತೂಗು ಹಾಕಿದ್ದಳು. ಇವತ್ತು ಅದರ ಕಡೆ ನೋಡಲಾಗಲಿಲ್ಲ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡವರಿಗೆ ಪ್ರಶಸ್ತಿ ಕೊಡುವ ಊರು ಇದೊಂದೇ ಇರಬೇಕು.

ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಎಡ ಮೂಲೆಯಲ್ಲಿ ದಾರ ಪೋಣಿಸುವ ತೂತು. ನಾಲ್ಕರಲ್ಲೂ ಒಂದರ ಹಿಂದೆ ಒಂದು ಸರಿಯಾಗಿ ಕೂತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ತೂತು. ಅದು ಹಳೆಯದು, ಅಂಚು ಸವೆದದ್ದು. ಮೊದಲ ಹಾಳೆಯಲ್ಲಿ ಅದು ಒಂದು ಬೆರಳು ಕೆಳಗಿತ್ತು. ಉಳಿದ ಮೂರು ಹಾಳೆಗಳಲ್ಲಿ ಅರ್ಧ ಬೆರಳು ಮೇಲೆ.

ಅವಳು ಮತ್ತೆ ಜೋಡಿಸಿದಳು. ಮತ್ತೆ ಬೆಳಕಿಗೆ ಹಿಡಿದಳು. ಹೊಸ ತೂತಿನೊಳಗಿಂದ ಬೆಳಕು ಸೂಜಿಯ ಹಾಗೆ ನೇರ ಬಂತು. ಹಳೆಯದರೊಳಗಿಂದ ಬರಲಿಲ್ಲ.

ಅಂದರೆ ಈ ಮೂರು ಹಾಳೆ ಮೊದಲು ಈ ಮೊದಲ ಹಾಳೆಯ ಜೊತೆಗಿರಲಿಲ್ಲ. ಎಲ್ಲೋ ಬೇರೆ ಕಡೆ, ಬೇರೊಂದು ಹೆಸರಿನ ಕೆಳಗೆ ಕಟ್ಟಿಸಿಕೊಂಡು ಕೂತಿದ್ದವು. ಯಾರೋ ಬಿಚ್ಚಿದ್ದರು. ಬಿಚ್ಚಿ, ಒಬ್ಬರ ತಲೆಗೆ ಇನ್ನೊಬ್ಬರ ಮುಂಡ ಹೊಲಿದಿದ್ದರು.

“ಏನಕ್ಕ, ಹಾಳೇಲಿ ಭವಿಷ್ಯ ಕಾಣಿಸ್ತಿದ್ಯಾ?”

ಬಾಗಿಲಲ್ಲಿ ಓರಗಿತ್ತಿ. ಮನೆಯಲ್ಲಿ ಮೈದುನನ ಹೆಂಡತಿ, ಕಚೇರಿಯಲ್ಲಿ ಅವಳ ಕೈಕೆಳಗಿನ ವಕೀಲೆ. ಇಸ್ತ್ರಿಯವಳ ಕೇಸು ನಡೆಸುತ್ತಿದ್ದವಳು ಅವಳೇ. ‘ಅಲ್ಲೂ ನಿಮ್ಮ ಮಾತು ಕೇಳಬೇಕು, ಇಲ್ಲೂ ನಿಮ್ಮ ಮಾತು ಕೇಳಬೇಕು, ನನಗೆ ಅತ್ತೆ ಇಲ್ಲದ ಕೊರತೆ ಕಾಣಿಸಲೇ ಇಲ್ಲ’ ಎಂದು ನಗುತ್ತಲೇ ಚುಚ್ಚುವುದು ಅವಳ ಅಭ್ಯಾಸ.

“ಈ ವರದಿಗೆ ದಾರ ಕಟ್ಟಿದ್ದು ಯಾರು?”

“ನಾನೇ ಇರಬೇಕು. ಇಲ್ಲಾ ಅಂದ್ರೆ ಗುಮಾಸ್ತ. ಯಾಕೆ?”

“ಸುಮ್ಮನೆ.”

“ನೀವು ಸುಮ್ಮನೆ ಕೇಳಿದ್ದು ನಾನು ಈವರೆಗೂ ನೋಡಿಲ್ಲ.” ಓರಗಿತ್ತಿ ಮೇಜಿನ ಮೇಲೆ ಹರಡಿದ್ದ ಹಾಳೆಗಳ ಕಡೆ ಒಂದು ಕಣ್ಣು ಹಾಯಿಸಿದಳು. “ನಾಳೆಯದು ಮುಗಿದ ಕೇಸಕ್ಕ. ಆ ಗೊರಕೆ ಮುದುಕ ಅಡ್ಡಪ್ರಶ್ನೆ ಕೂಡ ಕೇಳಲಿಲ್ಲ. ಈಗ ಕೆದಕಬೇಡಿ, ಆ ಹೊಸ ಅಪ್ಪ ಅಮ್ಮ ಮಗೂಗೆ ಅಂತ ಕೋಣೆಗೆ ಬಣ್ಣ ಹೊಡೆಸಿಯಾಯ್ತು.”

ಅವಳ ಚಪ್ಪಲಿಯ ಸದ್ದು ಪಡಸಾಲೆಯ ತುದಿಯವರೆಗೂ ಕೇಳಿಸಿತು. ಮೂಲೆಯಲ್ಲಿ ಒಂದು ಕ್ಷಣ ನಿಂತು, ಮತ್ತೆ ಮುಂದೆ ಹೋಯಿತು.

*

ಸ್ಕೂಟರಮ್ಮ ಸಿಕ್ಕಿದ್ದು ಇಲಾಖೆಯ ಹಿಂಬದಿಯ ಗಾಡಿ ನಿಲ್ಲಿಸುವ ಚಪ್ಪರದಲ್ಲಿ. ಮಕ್ಕಳ ಮನೆಗಳಿಗೆ ಹೋಗಿ ನೋಡಿಬರುವುದು ಅವರ ಕೆಲಸ. ಐವತ್ತೈದು ದಾಟಿದ ಹೆಂಗಸು, ಸ್ಕೂಟರಿಗೆ ಅದರ ಅರ್ಧ ವಯಸ್ಸು. ಮಂಡಿಯೂರಿ ಕೂತು ಏನನ್ನೋ ಬಿಚ್ಚುತ್ತಿದ್ದರು. ತಲೆ ಎತ್ತಿ ನೋಡಿದರೂ ಏಳಲಿಲ್ಲ.

“ಮೇಡಂ ಇಲ್ಲಿಗೆ ಬಂದಿದೀರಾ? ದಾರಿ ತಪ್ಪಿತಾ?”

“ನಿಮ್ಮನ್ನ ನೋಡೋಕೇ ಬಂದೆ.”

“ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ. ಯಾರು ಸತ್ತರು?”

“ಯಾರೂ ಸತ್ತಿಲ್ಲ. ಇಸ್ತ್ರಿಯವಳ ಮನೆಗೆ ಹೋಗಿದ್ದೆ.”

“ನೀವಾ? ಮನೆಗಾ?” ಸ್ಕೂಟರಮ್ಮ ಈಗ ಸ್ಪಾನರು ಕೆಳಗಿಟ್ಟರು. “ಮಳೆ ಬಂದೀತು. ಒಣಗೋಕೆ ಹಾಕಿದ ಬಟ್ಟೆ ಒಳಗೆ ತೆಗೀಬೇಕು ನಾನು.”

“ಮೆಟ್ಟಿಲು ಎಲ್ಲಿದೆ ಅಂತ ನೋಡಿ ಬರೋಣ ಅಂತ ಹೋದೆ.”

“ಯಾವ ಮೆಟ್ಟಿಲು?”

“ನೀವು ಹತ್ತಿದ ಮೆಟ್ಟಿಲು.” ದೊಡ್ಡ ವಕೀಲೆ ವರದಿ ಮುಂದೆ ಹಿಡಿದಳು. ದಾರಿಯುದ್ದಕ್ಕೂ ಅರೆದು ಅರೆದು ಹದ ಮಾಡಿಕೊಂಡು ಬಂದ ಮಾತುಗಳು ಒಂದೇ ಸಲಕ್ಕೆ ಹೊರಬಂದವು. “ತಗಡಿನ ಮನೆ ಮೇಲೆ ಎರಡು ಮಹಡಿ ಕಟ್ಟಿದೀರಿ. ಇಲ್ಲದ ಬಾಗಿಲಿಗೆ ಚಿಲಕ ಹಾಕಿದೀರಿ. ನಾಳೆ ಹತ್ತೂವರೆಗೆ ಒಬ್ಬ ತಾಯಿ ಮಗಳನ್ನ ಕಳ್ಕೋತಾಳೆ, ನೀವು ಬರೆದ ಮೂರು ಹಾಳೆಯಿಂದ. ಹೇಳಿ, ಯಾರು ಹೀಗೆ ಬರೆಸಿದ್ದು? ಅವಳಿಗೆ ಬಾಯಲ್ಲಿ ಭಯ ಪಡಬೇಡ ಅಂತ ಹೇಳಿ ಬಂದು, ಕೈಯಲ್ಲಿ ಹೀಗೆ ಬರೆಯೋಕೆ ಹೇಗೆ ಮನಸ್ಸು ಬಂತು ನಿಮಗೆ?”

ಸ್ಕೂಟರಮ್ಮ ಕೈಯ ಮಸಿಯನ್ನು ಬಟ್ಟೆಯ ಚೂರಿಗೆ ಒರೆಸಿದರು. ಒಂದೊಂದೇ ಬೆರಳು. ಆಮೇಲೆ ವರದಿ ಇಸಿದುಕೊಂಡರು. ಅವರು ಓದುವುದು ತುಟಿ ಆಡಿಸಿಕೊಂಡು. ತುಟಿ ಎರಡನೇ ಹಾಳೆಯ ಅರ್ಧಕ್ಕೆ ಬಂದು ನಿಂತುಹೋಯಿತು. ಹಾಳೆ ಹಿಂದಕ್ಕೆ ತಿರುಗಿಸಿ ಮೊದಲನೆಯದನ್ನು ನೋಡಿದರು, ಮತ್ತೆ ಎರಡನೆಯದನ್ನು.

“ನಾನೇ ಬರೆದದ್ದು,” ಎಂದರು.

“ಒಪ್ಕೋತೀರಿ.”

“ಒಪ್ಕೊಳ್ಳದೇ ಏನು? ಅಕ್ಷರ ಅಕ್ಷರವೂ ನಂದೇ. ಮೆಟ್ಟಿಲು ಹತ್ತಿದ್ದೂ ನಾನೇ, ಮೊಣಕಾಲು ಕೇಳಿದ್ರೆ ಅದೂ ಹೇಳುತ್ತೆ. ಆದರೆ ಅದು ಈ ಮನೆ ಮೆಟ್ಟಿಲಲ್ಲ ಮೇಡಂ.”

ಸೀಟಿನ ಕೆಳಗಿನ ಡಬ್ಬಿಯಿಂದ ಉದ್ದನೆಯ ಡೈರಿ ತೆಗೆದರು. ಮೂಲೆಗಳೆಲ್ಲ ನಾಯಿ ಕಿವಿಯ ಹಾಗೆ ಮಡಚಿದ್ದವು. ಪುಟ ತಿರುವಿ, ಉಗುರಿನಿಂದ ಒಂದು ಸಾಲು ಒತ್ತಿ ತೋರಿಸಿದರು.

“ಅವತ್ತು ಎರಡು ಮನೆ. ಬೆಳಿಗ್ಗೆ ಇಸ್ತ್ರಿಯವಳದು. ಮಧ್ಯಾಹ್ನ ಮರದ ವ್ಯಾಪಾರಿಯದು, ಮಾರ್ಕೆಟ್ಟಿನ ಹಿಂದೆ, ಎರಡನೇ ಮಹಡಿ. ಒಬ್ಬಳೇ ಮಗಳು, ಏಳು ವರ್ಷ. ಆಗ ಅವಳೂ ಸಾಕುಮನೇಲಿದ್ದಳು, ವಾಪಸ್ ಕಳಿಸಬಹುದಾ ಅಂತ ನೋಡೋಕೆ ಹೋಗಿದ್ದು. ಅಪ್ಪ ಎಷ್ಟು ಮರ್ಯಾದೆಯವನು ಗೊತ್ತಾ, ನಾನು ಏಳೋವರೆಗೂ ಕೈಕಟ್ಟಿ ನಿಂತೇ ಇದ್ದ. ಮಗಳ ಕೋಣೆ ತೋರಿಸಪ್ಪ ಅಂದೆ. ಚಿಲಕ ತೆಗೆದು ತೋರಿಸಿದ. ಹೊರಗಡೆ ಚಿಲಕ. ಯಾಕಪ್ಪ ಅಂದ್ರೆ, ಅವಳಿಗೆ ಶಿಸ್ತು ಬರಲಿ ಅಂತ ಅಂದ.”

ಚಪ್ಪರದ ತಗಡು ಬಿಸಿಲಿಗೆ ಚಟಕ್ ಎಂದಿತು.

“ಕಳಿಸಬೇಡಿ ಅಂತ ಬರೆದೆ,” ಎಂದರು ಸ್ಕೂಟರಮ್ಮ. “ಕಳಿಸಿದ್ರಿ. ಎರಡು ತಿಂಗಳಾಯ್ತು.”

ದೊಡ್ಡ ವಕೀಲೆಗೆ ಅದಕ್ಕೆ ಸಹಿ ಹಾಕಿದ ಶುಕ್ರವಾರ ನೆನಪಾಯಿತು ಎಂದರೆ ಸುಳ್ಳಾದೀತು. ಅವಳಿಗೆ ಎಲ್ಲ ಶುಕ್ರವಾರಗಳೂ ಒಟ್ಟಿಗೇ ನೆನಪಾದವು. ಮೂವತ್ತು, ಮೂವತ್ತೈದು ಫೈಲಿನ ಗುಡ್ಡೆ. ಮೊದಲ ಹಾಳೆ ನೋಡುವುದು, ಕೊನೆಯ ಸಾಲು ನೋಡುವುದು, ಸಹಿ. ನಡುವೆ ಇರುವುದೆಲ್ಲ ಹೇಗೂ ಒಂದೇ ರೀತಿ ಎಂದು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಕತೆಯಲ್ಲಿ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಬಚ್ಚಿಡುತ್ತಾನೆ. ಇಲ್ಲಿ ಮಕ್ಕಳ ಪ್ರಾಣ ಎರಡನೇ ಹಾಳೆಯಲ್ಲಿತ್ತು, ಕೈಗೆಟಕುವಷ್ಟು ಹತ್ತಿರ. ಆದರೂ ಯಾರೂ ತಿರುವಿ ನೋಡಿರಲಿಲ್ಲ.

“ನನ್ನ ಯಾಕೆ ಕೇಳಲಿಲ್ಲ ನೀವು?”

“ಕೇಳಿದೆನಲ್ಲ. ಮಗು ಮನೆಗೆ ಹೋಯ್ತು ಅಂತ ಗೊತ್ತಾದ ದಿನಾನೇ ಫೋನ್ ಮಾಡಿದೆ. ನಿಮ್ಮ ತಂಗಿ ಎತ್ತಿದ್ರು.”

“ತಂಗಿ ಅಲ್ಲ, ಓರಗಿತ್ತಿ.”

“ಮನೆಯೋರೇ ತಾನೆ. ‘ಅಕ್ಕ ಓದಿ ಸಹಿ ಮಾಡಿದಾರೆ, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ’ ಅಂದ್ರು. ನೋಡ್ಕೊಂಡೆ. ಅರವತ್ತೆರಡು ಮಕ್ಕಳು ನನ್ನ ಪಟ್ಟೀಲಿ, ನೋಡ್ಕೊಳ್ಳೋಕೆ ಬೇಕಾದಷ್ಟಿದೆ.”

“ಇಸ್ತ್ರಿಯವಳದ್ದು ಏನಾಯ್ತು ಅಂತಾದ್ರೂ...”

“ನಮ್ಮನ್ನ ಕೋರ್ಟಿಗೆ ಯಾರು ಕರೀತಾರೆ ಮೇಡಂ? ನಾವು ಬರೀತೀವಿ, ನೀವು ಗೆಲ್ತೀರಿ. ಆಮೇಲೆ ಒಂದು ಚೀಟಿ ಬರುತ್ತೆ. ಅದರಲ್ಲಿ ನಂಬರ್ ಇರುತ್ತೆ, ಮಗು ಇರಲ್ಲ.” ಸ್ಕೂಟರಮ್ಮನ ನಗೆ ಹುಳಿಯಾಗಿತ್ತು. “ನಾನು ಬರೆದದ್ದನ್ನ ನೀವು ಓದಿ ತಳ್ಳಿ ಹಾಕಿದೀರಿ ಅಂದುಕೊಂಡು ಇಷ್ಟು ದಿನ ನಿಮ್ಮನ್ನ ಬೈಕೊಂಡೆ. ಓದೇ ಇಲ್ಲ ಅಂತ ಗೊತ್ತಿದ್ರೆ ಅಷ್ಟು ಬೈತಿರಲಿಲ್ಲ. ಓದದವರನ್ನ ಬೈದು ಏನು ಪ್ರಯೋಜನ?”

ದೊಡ್ಡ ವಕೀಲೆಯ ಬಾಯಿಗೆ ಬಂದದ್ದು ಪ್ರಶ್ನೆಯೇ, ಹತ್ತೊಂಬತ್ತು ವರ್ಷದ ವಕೀಲಿಯ ಚಟ.

“ಎರಡೂ ವರದಿ ಒಟ್ಟಿಗೆ ಕೊಟ್ರಾ? ಕೈತಪ್ಪಿ ಬಿದ್ದು ಕಲಸಿ ಹೋಗಿರಬಹುದಾ?”

“ಇಲ್ಲ. ಇಸ್ತ್ರಿಯವಳದು ಮರುದಿನವೇ ಕೊಟ್ಟೆ. ಪಾಪ, ಮಗು ಬೇಗ ಮನೆ ಸೇರಲಿ ಅಂತ. ವ್ಯಾಪಾರಿಯದು ಬರೆಯೋಕೆ ಒಂದು ವಾರ ಹಿಡೀತು. ಅಂಥದ್ದು ಬರೆಯೋಕೆ ಕೈ ಬರಲ್ಲ ಮೇಡಂ. ಎರಡೂ ಬೇರೆ ಬೇರೆ ಲಕೋಟೆ. ಎರಡೂ ನಿಮ್ಮ ಕಚೇರಿಯಲ್ಲೇ ಕೊಟ್ಟು, ಡೈರೀಲಿ ಸಹಿ ಹಾಕಿಸ್ಕೊಂಡಿದೀನಿ.”

ಡೈರಿಯಲ್ಲಿ ಎರಡು ತಾರೀಖು, ಎಂಟು ದಿನದ ಅಂತರ. ಎರಡರ ಮುಂದೆಯೂ ಒಂದೇ ಸಹಿ. ಹಬ್ಬಿದ ಬಳ್ಳಿಯಂಥ ಆ ಸಹಿಯನ್ನು ದೊಡ್ಡ ವಕೀಲೆ ದಿನಾ ನೋಡುತ್ತಿದ್ದಳು, ಮನೆಯ ಹಾಲಿನವನ ಚೀಟಿಯ ಮೇಲೂ.

ಹಾಗಾದರೆ ಇದು ಕೈತಪ್ಪಲ್ಲ, ಕೈಚಳಕ.

“ಈ ಡೈರಿ ನಾಳೆ ಕೋರ್ಟಿಗೆ ಬೇಕು. ನೀವೂ ಬೇಕು.”

“ಬಂದು ಏನು ಹೇಳಲಿ? ನಮ್ಮ ದೊಡ್ಡ ಮೇಡಂ ಎರಡು ಮಕ್ಕಳನ್ನ ಅದಲು ಬದಲು ಮಾಡಿದ್ರು ಅಂತಾನಾ?”

“ಹೌದು. ಹಾಗೇ ಹೇಳಿ.”

ಸ್ಕೂಟರಮ್ಮ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಡೈರಿಯನ್ನು ಅವಳ ಕೈಗೆ ಕೊಡದೆ ಮತ್ತೆ ಡಬ್ಬಿಗೇ ಹಾಕಿ, ಸೀಟು ಮುಚ್ಚಿದರು.

“ನಾಳೆ ನಾನೇ ತರ್ತೀನಿ. ನಿಮ್ಮ ಕಚೇರಿಗೆ ಹೋದ ಕಾಗದ ಹೋದ ಹಾಗೇ ವಾಪಸ್ ಬರಲ್ಲ.”

ಕಿಕ್ಕರು ಒದ್ದರು. ಸ್ಕೂಟರು ಮೂರನೇ ಒದೆಗೆ ಎದ್ದಿತು. ಎಲ್ಲಿಗೆ ಹೊರಟರೋ ಹೇಳಲಿಲ್ಲ, ದೊಡ್ಡ ವಕೀಲೆಯೂ ಕೇಳಲಿಲ್ಲ.

*

ಮರದ ವ್ಯಾಪಾರಿಯ ಮಗಳ ಫೈಲು ಮುಗಿದ ಕೇಸುಗಳ ಕಪಾಟಿನಲ್ಲಿತ್ತು. ಗುಮಾಸ್ತ ಊಟಕ್ಕೆ ಹೋಗಿದ್ದರಿಂದ ಅವಳೇ ಏಣಿ ಹತ್ತಿ ಇಳಿಸಿದಳು. ಧೂಳು ಒರೆಸುವ ತಾಳ್ಮೆ ಇರಲಿಲ್ಲ.

ಮೊದಲ ಹಾಳೆ: ಏಳು ವರ್ಷದ ಹುಡುಗಿ, ಮಾರ್ಕೆಟ್ಟಿನ ಹಿಂದಿನ ವಿಳಾಸ.

ಎರಡನೇ ಹಾಳೆ: ‘ಮನೆಯು ಒಂದೇ ಕೋಣೆಯದಾಗಿದ್ದು ಚೊಕ್ಕಟವಾಗಿದೆ. ಇಸ್ತ್ರಿಪೆಟ್ಟಿಗೆಯನ್ನು ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಇಡಲಾಗಿದೆ. ಮಗುವಿನ ಬಟ್ಟೆಗಳನ್ನು ಬಹಳ ಪ್ರೀತಿಯಿಂದ ಜೋಡಿಸಿಡಲಾಗಿದೆ. ಮಗುವನ್ನು ಮನೆಗೆ ಕಳಿಸಲು ಏನೂ ಅಡ್ಡಿಯಿಲ್ಲ.’

‘ಬಹಳ ಪ್ರೀತಿಯಿಂದ’ ಎನ್ನುವ ಮಾತು ಕೋರ್ಟಿನ ವರದಿಯಲ್ಲಿ ಬರುವಂಥದ್ದಲ್ಲ. ಬೇರೆ ದಿನವಾಗಿದ್ದರೆ ಅವಳು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದಳು. ಈಗ ಅದನ್ನೇ ಮೂರು ಸಲ ಓದಿದಳು. ಇಸ್ತ್ರಿಯವಳ ಪ್ರೀತಿಯನ್ನು ಕಿತ್ತು ವ್ಯಾಪಾರಿಯ ಹೆಸರಿಗೆ ಬರೆದುಕೊಟ್ಟಿದ್ದರು. ಅವನ ಚಿಲಕವನ್ನು ತಂದು ಇವಳ ಬಾಗಿಲಿಗೆ ಹೊಡೆದಿದ್ದರು. ಕೆಳಗೆ ಒಪ್ಪಿಗೆಯ ಸಹಿ ಹಾಕಿದ ಕೈ ಇದೇ, ಈಗ ಹಾಳೆ ಹಿಡಿದಿರುವ ಇದೇ ಕೈ.

ಕೂತು ಕೋರ್ಟಿಗೆ ಒಂದು ಮೆಮೊ ಬರೆದಳು. ಅರ್ಜಿ ಹಿಂದಕ್ಕೆ ಪಡೆಯುತ್ತೇವೆ, ವರದಿ ಅದಲು ಬದಲಾಗಿದೆ, ತಾಯಿಗೆ ಮಗುವನ್ನು ಒಪ್ಪಿಸಬೇಕು. ನಾಲ್ಕು ಸಾಲು. ಆದರೆ ನ್ಯಾಯಾಧೀಶರು ಸುಮ್ಮನೆ ನಂಬುವವರಲ್ಲ. ಆ ಮೂರು ಹಾಳೆ ಇಸ್ತ್ರಿಯವಳದಲ್ಲ ಎಂದರೆ, ಮತ್ತೆ ಯಾರದು ತೋರಿಸಿ ಎನ್ನುತ್ತಾರೆ. ತೋರಿಸಬೇಕು. ಮಹಡಿ, ಮೆಟ್ಟಿಲು, ಚಿಲಕ, ಆ ಚಿಲಕದ ಹಿಂದೆ ಎರಡು ತಿಂಗಳು ಕಳೆದ ಹುಡುಗಿ. ಅವಳು ಬಾಯಿಬಿಟ್ಟು ಹೇಳಿದರೆ ಒಂದೇ ಏಟಿಗೆ ಇಬ್ಬರೂ ಉಳಿಯುತ್ತಾರೆ. ಅವಳು ಇವತ್ತು ಸಂಜೆ ಆ ಮನೆಗೆ ಹೋಗಬಾರದು, ಅಷ್ಟೇ.

ಗಂಟೆ ಮೂರು ಹೊಡೆಯಲು ಇನ್ನೂ ಐದು ನಿಮಿಷವಿತ್ತು. ಪಡಸಾಲೆಯಾಚೆ ಓರಗಿತ್ತಿಯ ಕುರ್ಚಿ ಖಾಲಿ. ಕೋರ್ಟಿಗೆ ಹೋಗಿದ್ದಾಳೋ, ಮನೆಗೋ, ಯಾರಿಗೂ ಗೊತ್ತಿರಲಿಲ್ಲ.

ದೊಡ್ಡ ವಕೀಲೆ ಫೈಲಿನಲ್ಲಿದ್ದ ಶಾಲೆಯ ನಂಬರಿಗೆ ಫೋನು ಮಾಡಿದಳು. ಎತ್ತಿದವರು ಮುಖ್ಯೋಪಾಧ್ಯಾಯಿನಿ.

“ಮಕ್ಕಳ ಇಲಾಖೆಯಿಂದ. ಎರಡನೇ ಕ್ಲಾಸಿನ ಆ ಹುಡುಗಿ, ಮರದ ವ್ಯಾಪಾರಿಯವರ ಮಗಳು, ಅವಳನ್ನ ಸಂಜೆ ಅಪ್ಪನ ಜೊತೆ ಕಳಿಸಬೇಡಿ. ನಾನು ಬರೋವರೆಗೂ ನಿಮ್ಮ ಕೋಣೇಲೇ ಕೂರಿಸಿಕೊಂಡಿರಿ.”

ಆ ಕಡೆ ರಿಜಿಸ್ಟರು ತಿರುವಿದ ಸದ್ದು.

“ಅವಳನ್ನ ಆಗಲೇ ಕಳಿಸಿದೆವಲ್ಲ,” ಎಂದರು ಮುಖ್ಯೋಪಾಧ್ಯಾಯಿನಿ. “ಅಪ್ಪನ ಜೊತೆ ಅಲ್ಲ, ನಿಮ್ಮ ಇಲಾಖೆಯೋರ ಜೊತೇನೇ. ಹತ್ತು ನಿಮಿಷ ಆಗಿರಬಹುದು.”

“ನಾವು ಯಾರನ್ನೂ ಕಳಿಸಿಲ್ಲ.”

“ಪತ್ರ ತಂದಿದ್ರಲ್ಲ ಮೇಡಂ, ಇಲಾಖೆ ಮೊಹರು ಇರೋದು, ಕೆಳಗೆ ಬಳ್ಳಿ ಹಬ್ಬಿದ ಹಾಗೆ ಸಹಿ. ಮಗು ಮಾತ್ರ ಅವರನ್ನ ನೋಡಿದ್ದೇ ತಡ, ಬೆಂಚಿನ ಕೆಳಗೆ ಹೋಗಿ ಮುದುರಿ ಕೂತ್ಕೊಂಡ್ತು. ಬಾ ಅಂದ್ರೆ ಬರಲ್ಲ. ಬೆಂಚಿನ ಕಾಲನ್ನ ಗಟ್ಟಿಯಾಗಿ ತಬ್ಕೊಂಡಿತ್ತು.” ದನಿ ಸಣ್ಣಗಾಯಿತು. “ಸರ್ಕಾರಿ ಪತ್ರ ಅಲ್ವಾ ಅಂತ, ನಾನೂ ಆಯಾನೂ ಸೇರಿ ಬೆರಳು ಬಿಡಿಸಿ ಎಳೆದು ಕೊಟ್ವಿ.”

ದೊಡ್ಡ ವಕೀಲೆ ಪೆನ್ನು ಎಳೆದುಕೊಂಡಳು.

“ಬಂದಿದ್ದು ಗಂಡಸಾ, ಹೆಂಗಸಾ?”

“ಹೆಂಗಸು.”

“ನೀವು ಯಾರು ಅಂತ ಕೇಳಲಿಲ್ವಾ?”

“ಕೇಳದೇ ಇರ್ತೀವಾ? ಗುರುತಿನ ಚೀಟಿ ತೋರಿಸಿದ್ರು. ಕಾನೂನು ವಿಭಾಗದ ದೊಡ್ಡ ವಕೀಲರು ನಾನೇ, ಈ ಕೇಸಿಗೆ ಸಹಿ ಮಾಡಿದ್ದೂ ನಾನೇ ಅಂದ್ರು.” ಮುಖ್ಯೋಪಾಧ್ಯಾಯಿನಿಯ ದನಿಯಲ್ಲಿ ಈಗ ಅನುಮಾನ ಬಂದಿತ್ತು. “ಅಂದ ಹಾಗೆ, ಈಗ ಮಾತಾಡ್ತಿರೋರು ನೀವು ಯಾರು?”